ನಿಮ್ಮ ಊರಲ್ಲೇ ಒಂದು ಫೋಟೊ ಕೇಂದ್ರ ಶುರು ಮಾಡುವುದು ಹೇಗೆ

ಊರಿನವರೆಲ್ಲ ಬಂದು ಹೋಗುವ ಒಂದು ಫೋಟೊ ಕೇಂದ್ರ ಕಟ್ಟಬೇಕು ಅಂತ ನಿಮಗೆ ಆಸೆ ಇದ್ದರೆ, ದಯವಿಟ್ಟು ಮೊದಲು ಕ್ಯಾಮೆರಾ ಕೊಳ್ಳಲು ಹೋಗಬೇಡಿ. ಕ್ಯಾಮೆರಾ ಈಗ ಎಲ್ಲರ ಜೇಬಿನಲ್ಲೂ ಇದೆ. ತೆಗೆದ ಚಿತ್ರವನ್ನು ನಾಲ್ಕು ಜನ ಕೂತು ನೋಡೋಕೆ ಒಂದು ಜಾಗ, ಗೊತ್ತಿಲ್ಲದ್ದನ್ನು ಸಂಕೋಚವಿಲ್ಲದೆ ಕೇಳೋಕೆ ಒಬ್ಬರು, ಇಂಥ ದಿನ ಇಂಥ ಹೊತ್ತಿಗೆ ಹೋದರೆ ಬಾಗಿಲು ತೆರೆದೇ ಇರುತ್ತೆ ಅನ್ನುವ ಭರವಸೆ, ಇವು ನಮ್ಮ ತಾಲ್ಲೂಕು ಊರುಗಳಲ್ಲಿ ಇಲ್ಲ. ಕೇಂದ್ರ ಅಂದರೆ ಇಷ್ಟೇ. ಉಳಿದದ್ದೆಲ್ಲ ಆಮೇಲೆ ಬರುತ್ತೆ.

ಕ್ಯಾಮೆರಾ ಕ್ಲಬ್‌ಗೂ ಇದಕ್ಕೂ ವ್ಯತ್ಯಾಸ ಇದೆ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ನಡೆದುಕೊಂಡು ಬಂದಿದೆ, ಸ್ಪರ್ಧೆ, ಸಲೂನ್ (ಆಯ್ದ ಫೋಟೊಗಳ ಪ್ರದರ್ಶನ) ಎಲ್ಲದರಲ್ಲೂ ಅದರ ಕೆಲಸ ದೊಡ್ಡದು. ಆದರೆ ಕ್ಲಬ್ ಇರುವುದು ಫೋಟೊ ತೆಗೆಯುವವರಿಗೆ. ಸಮುದಾಯ ಕೇಂದ್ರ ಫೋಟೊ ತೆಗೆಯದವರಿಗೂ ಸೇರಿದ್ದು. ಒಬ್ಬ ಅಜ್ಜಿ ತಮ್ಮ ಮದುವೆ ಫೋಟೊ ಹಿಡಿದು ಬರುತ್ತಾರೆ, ಐಟಿಐ ಹುಡುಗ ರೀಲ್ ಎಡಿಟ್ ಮಾಡೋದು ಕಲಿಯಲು ಬರುತ್ತಾನೆ, ಆಶಾ ಕಾರ್ಯಕರ್ತೆ ತಮ್ಮ ಕೆಲಸದ ಒಂದು ಚಿಕ್ಕ ವಿಡಿಯೊ ಮಾಡಬೇಕು ಅಂತ ಬರುತ್ತಾರೆ. ಮೂವರಿಗೂ ಅಲ್ಲಿ ಒಂದು ಕುರ್ಚಿ ಇರಬೇಕು.

ಹೀಗೆ ಮಾಡಿದವರು ಇದ್ದಾರಾ ಅಂದರೆ ಇದ್ದಾರೆ. ಅಮೆರಿಕದ ಸಿರಾಕ್ಯೂಸ್‌ನಲ್ಲಿ ಲೈಟ್ ವರ್ಕ್ ಅನ್ನುವ ಲಾಭರಹಿತ ಸಂಸ್ಥೆ 1973ರಲ್ಲಿ ಶುರುವಾಯಿತು. ಊರಿನವರಿಗೆ ತೆರೆದ ಡಾರ್ಕ್‌ರೂಮ್ (ಕತ್ತಲಲ್ಲಿ ಫೋಟೊ ತೊಳೆಯುವ ಕೋಣೆ), ಹೊರಗಿನಿಂದ ಬಂದು ಒಂದು ತಿಂಗಳು ಉಳಿದು ಕೆಲಸ ಮಾಡುವ ಕಲಾವಿದರು, ಎರಡನ್ನೂ ಅವರು ಒಂದೇ ಕಡೆ ತಂದರು. ಢಾಕಾದಲ್ಲಿ ಛಾಯಾಗ್ರಾಹಕ ಶಾಹಿದುಲ್ ಆಲಂ 1989ರಲ್ಲಿ ದೃಕ್ ಅನ್ನುವ ಫೋಟೊ ಸಂಸ್ಥೆ ಶುರು ಮಾಡಿದರು, 1998ರಲ್ಲಿ ಪಾಠಶಾಲಾ ಅನ್ನುವ ಫೋಟೊ ಶಾಲೆಯೂ ಬಂತು. ಕಾಠ್ಮಂಡುವಿನ ಫೋಟೊ ಸರ್ಕಲ್ 2007ರದ್ದು. 2011ರಿಂದ ಅವರು ನೇಪಾಳದ ಮನೆಮನೆಯ ಹಳೇ ಫೋಟೊಗಳನ್ನು ಸೇರಿಸಿ ನೇಪಾಳ್ ಪಿಕ್ಚರ್ ಲೈಬ್ರರಿ ಕಟ್ಟುತ್ತಿದ್ದಾರೆ. ಇವೆಲ್ಲ ದೂರದ ಮಾತು ಅನ್ನಿಸಿದರೆ ಹೆಗ್ಗೋಡಿನ ನೀನಾಸಂ ನೋಡಿ. 1949ರಲ್ಲಿ ಹುಟ್ಟಿದ ಹಳ್ಳಿಯ ನಾಟಕ ಸಂಘ, 1973ರಲ್ಲಿ ಚಿತ್ರಸಮಾಜ ಕಟ್ಟಿ ಅಡಿಕೆ ತೋಟದ ನಡುವೆ ಜಗತ್ತಿನ ಸಿನಿಮಾ ತೋರಿಸಿತು. ಸಿನಿಮಾಕ್ಕೆ ಆಗಿದ್ದು ಫೋಟೊಗೆ ಯಾಕೆ ಆಗಬಾರದು?

ಮೊದಲ ಕೆಲಸ: ಹಳೇ ಫೋಟೊಗಳ ಒಂದು ಭಾನುವಾರ

ಎಲ್ಲರೂ ಮೊದಲು ಕ್ಯಾಮೆರಾ ಕಾರ್ಯಾಗಾರ ಇಡುತ್ತಾರೆ. ಅದಕ್ಕೆ ಬರುವವರು ಆಗಲೇ ಆಸಕ್ತಿ ಇರುವ ಹುಡುಗರು ಮಾತ್ರ. ಅದರ ಬದಲು ಸ್ಕ್ಯಾನಿಂಗ್ ದಿನ ಇಡಿ. ‘ನಿಮ್ಮ ಮನೆಯ ಹಳೇ ಫೋಟೊ ತನ್ನಿ, ನಿಮ್ಮ ಎದುರಿಗೇ ಸ್ಕ್ಯಾನ್ ಮಾಡಿ ಅಲ್ಲೇ ವಾಪಸ್ ಕೊಡ್ತೀವಿ’ ಅಂತ ಹಾಲಿನ ಡೈರಿ, ಸೊಸೈಟಿ, ಗ್ರಾಮ ಪಂಚಾಯಿತಿ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಿ, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಹೋಗಿ ಹೇಳಿ. ಹೆಂಗಸರು ಬರುತ್ತಾರೆ, ವಯಸ್ಸಾದವರು ಬರುತ್ತಾರೆ, ಅವರ ಜೊತೆ ಮೊಮ್ಮಕ್ಕಳು ಬರುತ್ತಾರೆ. ಕೇಂದ್ರ ಯಾರದ್ದು ಅನ್ನುವ ಪ್ರಶ್ನೆಗೆ ಅವತ್ತೇ ಉತ್ತರ ಸಿಕ್ಕಿಬಿಡುತ್ತೆ.

ಇದಕ್ಕೆ ಬೇಕಾಗಿರುವುದು ಒಂದು ಫ್ಲಾಟ್‌ಬೆಡ್ ಸ್ಕ್ಯಾನರ್, ಒಂದು ಲ್ಯಾಪ್‌ಟಾಪ್, ದೊಡ್ಡ ಮೇಜು, ಮೃದು ಬ್ರಷ್, ಪೆನ್ಸಿಲ್, ಒಂದು ದಪ್ಪ ರಿಜಿಸ್ಟರ್. ನೆಗೆಟಿವ್ ಕೂಡ ಬರುತ್ತೆ ಅನ್ನುವ ಅಂದಾಜಿದ್ದರೆ ಮುಚ್ಚಳದಲ್ಲಿ ಲೈಟ್ ಇರುವ ಎಪ್ಸನ್ ವಿ600 ತರಹದ ಸ್ಕ್ಯಾನರ್ ಬೇಕು. ಬರೀ ಪ್ರಿಂಟ್ ಆದರೆ ಮನೆಯಲ್ಲಿ ಬಳಸುವ ಸಾದಾ ಸ್ಕ್ಯಾನರ್ ಸಾಕು. ಫೋಟೊಗೆ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ) ಇಡಿ, ಪಾಸ್‌ಪೋರ್ಟ್ ಸೈಜಿನ ಚಿಕ್ಕ ಫೋಟೊಗೆ 1200, 35 ಎಂಎಂ ನೆಗೆಟಿವ್‌ಗೆ 2400ಕ್ಕಿಂತ ಕಡಿಮೆ ಬೇಡ. ಮೂಲ ಪ್ರತಿಯನ್ನು ಟಿಫ್ (ಗುಣ ಕೆಡದ ದೊಡ್ಡ ಫೈಲ್) ಆಗಿ ಉಳಿಸಿ, ಹಂಚಲು ಜೆಪೆಗ್ (ಚಿಕ್ಕ ಫೈಲ್) ಮಾಡಿಕೊಳ್ಳಿ. ಫೋಟೊದ ಹಿಂಭಾಗವನ್ನೂ ತಪ್ಪದೆ ಸ್ಕ್ಯಾನ್ ಮಾಡಿ, ಯಾಕೆಂದರೆ ಸ್ಟುಡಿಯೊ ಮೊಹರು, ಯಾರೋ ನೀಲಿ ಇಂಕಿನಲ್ಲಿ ಬರೆದ ತಾರೀಕು, ‘ಚಿ. ಸೌ.’ ಅಂತ ಶುರುವಾಗುವ ಒಂದು ಹೆಸರು, ಇವೆಲ್ಲ ಇರುವುದು ಅಲ್ಲೇ.

ಮೇಜಿನ ಹತ್ತಿರ ಮೂರು ಜನ ಇರಲಿ. ಒಬ್ಬರು ಸ್ಕ್ಯಾನ್ ಮಾಡುವವರು, ಒಬ್ಬರು ಬರೆಯುವವರು, ಇನ್ನೊಬ್ಬರು ಸುಮ್ನೆ ಕೂತು ಕೇಳುವವರು. ಮೂರನೆಯವರೇ ಮುಖ್ಯ. ಫೋಟೊ ಮೇಜಿನ ಮೇಲೆ ಬಂದ ತಕ್ಷಣ ಮಾತು ಶುರುವಾಗುತ್ತೆ: ‘ಈ ಮೂಲೇಲಿ ನಿಂತಿರೋದು ನಮ್ಮ ದೊಡ್ಡತ್ತೆ, ಅವರು ಉಟ್ಟಿರೋ ಸೀರೆ ಇನ್ನೊಬ್ಬರದ್ದು, ಫೋಟೊಗೆ ಅಂತ ಇಸ್ಕೊಂಡಿದ್ದು.’ ಇಂಥ ಒಂದು ಸಾಲು ರಿಜಿಸ್ಟರಿಗೆ ಬಿದ್ದರೆ ಆ ಚಿತ್ರದ ಬೆಲೆಯೇ ಬೇರೆ. ಹಾಗಾಗಿ ಆ ಹೊತ್ತಿಗೆ ಫೋನಿನ ರೆಕಾರ್ಡರ್ ಆನ್ ಮಾಡಿ ಮೇಜಿನ ಮೇಲಿಡಿ. ಕೇಳಿ, ಒಪ್ಪಿಗೆ ತಗೊಂಡು, ಆಮೇಲೆ.

ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ, ತಂದವರ ಹೆಸರು, ಚಿತ್ರದಲ್ಲಿ ಯಾರು, ಯಾವ ಊರು, ಸುಮಾರು ಯಾವ ವರ್ಷ, ಏನು ಸಂದರ್ಭ, ತೆಗೆದವರು ಯಾರು ಅನ್ನುವುದು ಇರಲಿ. ಕೊನೆಯಲ್ಲಿ ಒಪ್ಪಿಗೆ: ಬರೀ ಕೇಂದ್ರದಲ್ಲಿ ಇಟ್ಟುಕೊಳ್ಳಬಹುದಾ, ಊರಿನ ಪ್ರದರ್ಶನದಲ್ಲಿ ತೋರಿಸಬಹುದಾ, ಇಂಟರ್ನೆಟ್ಟಿಗೆ ಹಾಕಬಹುದಾ, ಮೂರನ್ನೂ ಬೇರೆ ಬೇರೆಯಾಗಿ ಕೇಳಿ ಸಹಿ ತಗೊಳ್ಳಿ. ವರ್ಷ ನೆನಪಿಲ್ಲ ಅಂದರೆ ‘ದೊಡ್ಡ ಮಗ ಹುಟ್ಟಿದ್ದನಾ?’, ‘ಊರಿಗೆ ಕರೆಂಟ್ ಬಂದಿತ್ತಾ?’ ಅಂತ ಕೇಳಿ, ಅಂದಾಜು ಸಿಗುತ್ತೆ.

ಕೆಲವು ಎಚ್ಚರಿಕೆಗಳಿವೆ. ಫೋಟೊದ ಮೇಲೆ ಪೆನ್ನಿನಿಂದ ನಂಬರ್ ಹಾಕಬೇಡಿ, ಚೀಟಿ ಇಡಿ. ಗಾಜಿಗೆ ಅಂಟಿಕೊಂಡ ಫೋಟೊವನ್ನು ಕೀಳಲು ಹೋಗಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಅಂಟಿನ ಹಾಳೆಯ ಆಲ್ಬಂ ಇದೆಯಲ್ಲ, ಪ್ಲಾಸ್ಟಿಕ್ ಎಳೆದರೆ ಚರ್ ಅನ್ನುವಂಥದ್ದು, ಅದರಿಂದ ಬಿಡಿಸಲೇಬೇಕಾದರೆ ಹಲ್ಲಿನ ಸಂದಿ ಉಜ್ಜುವ ಫ್ಲಾಸ್ ದಾರವನ್ನು ಫೋಟೊದ ಕೆಳಗೆ ಮೆಲ್ಲಗೆ ಆಡಿಸುತ್ತಾ ಬಿಡಿಸಿ. ನೆಗೆಟಿವ್ ಅಂಚು ಹಿಡಿದೇ ಎತ್ತಬೇಕು. ವಿನೆಗರ್ ವಾಸನೆ ಬರುವ ನೆಗೆಟಿವ್ ಇದ್ದರೆ ಅದನ್ನು ಬೇರೆ ಇಡಿ, ಅದರ ಹವೆ ಪಕ್ಕದ ನೆಗೆಟಿವ್‌ಗಳನ್ನೂ ಕೆಡಿಸುತ್ತೆ. ಮತ್ತೆ, ಎಷ್ಟೇ ಗುರುತಿನವರಾದರೂ ಅವರ ಫೋಟೊವನ್ನು ರಾತ್ರಿ ನಿಮ್ಮ ಹತ್ತಿರ ಉಳಿಸಿಕೊಳ್ಳಬೇಡಿ. ಅದೇ ಒಂದೇ ಪ್ರತಿ ಆಗಿರುತ್ತೆ.

ಸ್ಕ್ಯಾನ್ ಆದದ್ದನ್ನು ಅವರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೊ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಇಲ್ಲದಿದ್ದರೆ ಚಿತ್ರ ಕುಗ್ಗಿಹೋಗುತ್ತೆ. ಫೈಲ್ ಹೆಸರು ಇಂಗ್ಲಿಷ್ ಅಕ್ಷರ ಮತ್ತು ಅಂಕಿಯಲ್ಲಿರಲಿ, ಊರು, ವರ್ಷ, ಸಂಖ್ಯೆ, ನಡುವೆ ಸ್ಪೇಸ್ ಬೇಡ. ವಿವರಗಳನ್ನು ಕನ್ನಡದಲ್ಲೇ ಟೈಪ್ ಮಾಡಿ, ಆದರೆ ಎಲ್ಲ ಕಂಪ್ಯೂಟರ್, ಫೋನಿನಲ್ಲೂ ಓದಲು ಬರುವ ಯೂನಿಕೋಡ್‌ನಲ್ಲಿ. ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪಟ್ಟಿಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಗೊಂದಲದ ಅಕ್ಷರಗಳಾಗಿ ಕಾಣುವುದನ್ನು ನೀವೂ ನೋಡಿರುತ್ತೀರಿ. ಎಲ್ಲದರ ಮೂರು ಪ್ರತಿ ಇರಲಿ: ಒಂದು ಕೇಂದ್ರದ ಕಂಪ್ಯೂಟರಿನಲ್ಲಿ, ಒಂದು ಬೇರೆ ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ ಅಥವಾ ಕ್ಲೌಡಿನಲ್ಲಿ. ಸಿಡಿಲು, ಸೋರುವ ಸೂರು, ಕಳ್ಳತನ, ಯಾವುದೂ ಮೂರನ್ನೂ ಒಟ್ಟಿಗೆ ಮುಟ್ಟಬಾರದು.

ಊರಿನ ಹಳೇ ಸ್ಟುಡಿಯೊ ಯಜಮಾನರನ್ನು ಹುಡುಕಿಕೊಂಡು ಹೋಗಿ. ಇದನ್ನು ತಡ ಮಾಡಬೇಡಿ. ಬಣ್ಣ ಬಳಿದ ಪರದೆಯ ಮುಂದೆ ಊರಿನ ಎರಡು ತಲೆಮಾರನ್ನು ನಿಲ್ಲಿಸಿದವರು, ಮೊನಚು ಪೆನ್ಸಿಲ್ಲಿನಿಂದ ನೆಗೆಟಿವ್ ಮೇಲೆ ಟಚಿಂಗ್ ಮಾಡುತ್ತಿದ್ದವರು, ಈಗ ಝೆರಾಕ್ಸ್ ಅಂಗಡಿ ನಡೆಸುತ್ತಿರಬಹುದು ಅಥವಾ ಮನೆಯಲ್ಲೇ ಕೂತಿರಬಹುದು. ಅವರ ಅಟ್ಟದಲ್ಲಿ ನೆಗೆಟಿವ್ ಡಬ್ಬಗಳು ಇರುತ್ತವೆ. ಮನೆ ಒಡೆಯುವಾಗ ಅವು ಹೋಗುವುದು ಗುಜರಿಗೆ. ಆ ಡಬ್ಬ ಉಳಿಸಿದರೆ ಊರಿನ ನೆನಪಿನ ದೊಡ್ಡ ಭಾಗ ಉಳಿಯುತ್ತೆ, ಜೊತೆಗೆ ನಿಮ್ಮ ಕೇಂದ್ರಕ್ಕೆ ಮೊದಲ ಮೇಷ್ಟ್ರೂ ಸಿಗುತ್ತಾರೆ. ಮಲೆನಾಡು, ಕರಾವಳಿಯಲ್ಲಾದರೆ ಇನ್ನೂ ಬೇಗ ಹೋಗಿ, ಅಲ್ಲಿ ಮಳೆಗಾಲ ಬಂತೆಂದರೆ ಬೂಷ್ಟು ಹಿಡಿಯುತ್ತೆ. ನೆಗೆಟಿವ್‌ಗಳನ್ನು ಆಸಿಡ್ ಇಲ್ಲದ ಕಾಗದದ ಕವರಿನಲ್ಲಿ ಹಾಕಿ, ನೆಲದಿಂದ ಮೇಲೆ, ಗೋಡೆಗೆ ತಾಗದ ಹಾಗೆ ಸ್ಟೀಲ್ ಬೀರುವಿನಲ್ಲಿ ಇಡಿ, ಸಿಲಿಕಾ ಜೆಲ್ ಹಾಕಿಡಿ. ನೀಲಿ ಬಣ್ಣದ ಜೆಲ್ ಗುಲಾಬಿಯಾದರೆ ಅದು ತೇವ ಕುಡಿದಿದೆ ಅಂತ, ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಜಾಗ ಮತ್ತು ಹೊತ್ತು

ಬಾಡಿಗೆ ಕಟ್ಟಡದಿಂದ ಶುರು ಮಾಡಿದರೆ ಎಲ್ಲ ಶಕ್ತಿಯೂ ಬಾಡಿಗೆ ಹೊಂದಿಸುವುದಕ್ಕೇ ಹೋಗುತ್ತೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ), ಸರ್ಕಾರಿ ಶಾಲೆಯ ಖಾಲಿ ಕೋಣೆ, ಯುವಕ ಸಂಘದ ಕಟ್ಟಡ, ದೇವಸ್ಥಾನದ ಸಮುದಾಯ ಭವನ, ಮುಚ್ಚಿದ ಒಂದು ಸ್ಟುಡಿಯೊ, ಇವನ್ನು ಮೊದಲು ಕೇಳಿ. ಆದರೆ ಒಂದು ಮಾತು. ಊರಿನ ಎಲ್ಲ ಕೇರಿಯವರೂ ಹಿಂಜರಿಕೆ ಇಲ್ಲದೆ ಒಳಗೆ ಬರುವ ಜಾಗವಾ ಅಂತ ನೋಡಿ. ಎಷ್ಟೇ ಚೆನ್ನಾಗಿರುವ, ಪುಕ್ಕಟೆ ಸಿಗುವ ಹಾಲ್ ಆದರೂ ಅರ್ಧ ಊರು ಅದರ ಮೆಟ್ಟಿಲು ಹತ್ತುವುದಿಲ್ಲ ಅಂದರೆ ಅದು ಬೇಡ.

ವಾರಕ್ಕೆ ಎರಡು ಹೊತ್ತು ಸಾಕು, ಬುಧವಾರ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ಅನ್ನಿ. ಯಾರೂ ಬರದಿದ್ದರೂ ಬಾಗಿಲು ತೆರೆಯಬೇಕು. ಕೀ ಇಬ್ಬರ ಹತ್ತಿರ ಇರಬೇಕು, ಅದರಲ್ಲಿ ಒಬ್ಬರು ಹೆಂಗಸು ಆಗಿದ್ದರೆ ಹುಡುಗಿಯರ ಮನೆಯವರಿಗೆ ಧೈರ್ಯ. ಸಂಜೆ ಏಳರ ನಂತರ ಇಟ್ಟರೆ ಹುಡುಗಿಯರು ಬರುವುದಿಲ್ಲ, ಮಧ್ಯಾಹ್ನ ಇಟ್ಟರೆ ಕೆಲಸಕ್ಕೆ ಹೋಗುವವರು ಬರುವುದಿಲ್ಲ. ಹಾಗಾಗಿ ಎರಡು ಬೇರೆ ಬೇರೆ ಹೊತ್ತು ಇಟ್ಟುಕೊಳ್ಳುವುದು ಒಳ್ಳೆಯದು.

ಕಲಿಸುವುದು: ನೀಲಿ ಫೋಟೊದಿಂದ ಶುರು ಮಾಡಿ

ಮಕ್ಕಳಿಗೆ ಬೆಳಕು ಏನು ಮಾಡುತ್ತೆ ಅಂತ ಕಣ್ಣಾರೆ ತೋರಿಸಲು ಸಯನೋಟೈಪ್ ಅನ್ನುವ ಈ ನೀಲಿ ಫೋಟೊದಷ್ಟು ಒಳ್ಳೆಯದು ಇನ್ನೊಂದಿಲ್ಲ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ವಿಧಾನ ಇದು. ಕ್ಯಾಮೆರಾ ಬೇಡ, ಡಾರ್ಕ್‌ರೂಮ್ ಬೇಡ. ಬೇಕಾಗಿರುವುದು ಬಿಸಿಲು, ಅದು ನಮ್ಮಲ್ಲಿ ಬೇಕಾದಷ್ಟಿದೆ.

ಎರಡು ರಾಸಾಯನಿಕ ಬೇಕು, ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತವೆ. ಹಸಿರು ಬಣ್ಣದ ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ ಅನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿ ಒಂದು ಕಂದು ಬಾಟಲಿಗೆ, ಪೊಟ್ಯಾಸಿಯಂ ಫೆರಿಸೈನೈಡ್ 10 ಗ್ರಾಂ ಅನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿ ಇನ್ನೊಂದು ಕಂದು ಬಾಟಲಿಗೆ ಹಾಕಿ. ಬಳಸುವಾಗ ಮಾತ್ರ ಎರಡನ್ನೂ ಸಮ ಸಮ ಬೆರೆಸಿ. ಕಿಟಕಿ ಮುಚ್ಚಿ, ಒಂದು ಹಳದಿ ಬಲ್ಬಿನ ಮಂದ ಬೆಳಕಿನಲ್ಲಿ, ದಪ್ಪ ಡ್ರಾಯಿಂಗ್ ಹಾಳೆಗೆ ಬ್ರಷ್‌ನಿಂದ ತೆಳುವಾಗಿ ಬಳಿದು ಕತ್ತಲಲ್ಲಿ ಒಣಗಿಸಿ. ಹಾಳೆ ಹಸಿರು ಮಿಶ್ರಿತ ಹಳದಿಯಾಗಿ ಕಾಣುತ್ತೆ. ಅದರ ಮೇಲೆ ನುಗ್ಗೆ ಎಲೆ, ಜರೀಗಿಡದ ಗರಿ, ಅಜ್ಜಿಯ ಲೇಸು, ಏನು ಬೇಕಾದರೂ ಇಟ್ಟು ಮೇಲೊಂದು ಗಾಜು ಮುಚ್ಚಿ ಬಿಸಿಲಿಗೆ ಇಡಿ. ಬೇಸಿಗೆಯ ಮಧ್ಯಾಹ್ನ ಐದು ನಿಮಿಷದಲ್ಲೇ ಆಗಬಹುದು, ಮೋಡ ಇದ್ದರೆ ಅರ್ಧ ಗಂಟೆಯೂ ಹಿಡಿಯಬಹುದು. ಹಾಳೆಯ ಬರಿದಾದ ಜಾಗ ಮೊದಲು ನೀಲಿಗೆ ತಿರುಗಿ, ಆಮೇಲೆ ಬೂದಿ ಬಣ್ಣದ ಕಂಚಿನ ಹಾಗೆ ಕಂಡರೆ ಸಾಕು ಅಂತ ಅರ್ಥ. ಒಳಗೆ ತಂದು ನೀರಿನ ತಟ್ಟೆಯಲ್ಲಿ ಅದ್ದಿ. ಹಳದಿ ಪೂರ್ತಿ ಹೋಗುವವರೆಗೂ ನೀರು ಬದಲಿಸಿ. ಎಲೆಯಿದ್ದ ಜಾಗ ಬೆಳ್ಳಗೆ, ಸುತ್ತ ನೀಲಿ. ಒಣಗಿದ ಮೇಲೆ, ಮಾರನೇ ದಿನದ ಹೊತ್ತಿಗೆ, ಆ ನೀಲಿ ಇನ್ನೂ ಗಾಢವಾಗುತ್ತೆ. ಹಾಳೆ ನೀರಿಗೆ ಬಿದ್ದ ಕ್ಷಣದಲ್ಲಿ ಮಕ್ಕಳು ಕೂಗುವುದನ್ನು ನೀವು ಕೇಳಬೇಕು.

ಬೋರ್‌ವೆಲ್ ಗಡಸು ನೀರಿನ ಊರಾದರೆ ನೀಲಿ ಮಂಕಾಗುತ್ತೆ, ಯಾಕೆಂದರೆ ಕ್ಷಾರದ ನೀರು ಈ ಬಣ್ಣವನ್ನು ತಿನ್ನುತ್ತೆ. ಮೊದಲ ಸಲ ತೊಳೆಯುವ ನೀರಿಗೆ ಸ್ವಲ್ಪ ನಿಂಬೆರಸ ಹಿಂಡಿ, ಅಥವಾ ಮಳೆ ನೀರು ಬಳಸಿ. ಕೈಗವಸು ಹಾಕಿಸಿ, ಅಡುಗೆ ಪಾತ್ರೆ ಬಳಸಬೇಡಿ, ಪುಡಿ ತೂಗುವ ಕೆಲಸ ದೊಡ್ಡವರೇ ಮಾಡಿ. ಫೆರಿಸೈನೈಡನ್ನು ಬಾತ್‌ರೂಮ್ ತೊಳೆಯುವಂಥ ಜೋರು ಆಸಿಡ್ ಹತ್ತಿರ ಇಡಲೇಬೇಡಿ, ಕಾಯಿಸಲೂಬೇಡಿ.

ಇನ್ನೊಂದು ಹೆಜ್ಜೆ ಮುಂದೆ ಹೋದರೆ, ಫೋನಿನಲ್ಲಿ ತೆಗೆದ ಚಿತ್ರವನ್ನು ಕಪ್ಪು ಬಿಳುಪು ಮಾಡಿ, ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಆಗುವಂತೆ ತಿರುಗಿಸಿ, ಝೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಓಎಚ್‌ಪಿ ಶೀಟಿನ ಮೇಲೆ ಪ್ರಿಂಟ್ ಹಾಕಿಸಿ. ಅದೇ ನಿಮ್ಮ ನೆಗೆಟಿವ್. ಎಲೆಯ ಬದಲು ಅದನ್ನಿಟ್ಟರೆ ಅಪ್ಪನ ಮುಖ ನೀಲಿಯಲ್ಲಿ ಬರುತ್ತೆ. ಇಷ್ಟರಲ್ಲಿ ಮಗುವಿಗೆ ನೆಗೆಟಿವ್ ಅಂದರೇನು, ಎಕ್ಸ್‌ಪೋಷರ್ (ಎಷ್ಟು ಬೆಳಕು ಬೀಳಬೇಕು ಅನ್ನುವುದು) ಅಂದರೇನು ಅಂತ ಪಾಠ ಮಾಡದೆಯೇ ತಿಳಿದಿರುತ್ತೆ.

ಆಮೇಲೆ ಪಿನ್‌ಹೋಲ್, ಅಂದರೆ ಲೆನ್ಸ್ ಬದಲು ಸೂಜಿಯಷ್ಟು ತೂತು ಇರುವ ಡಬ್ಬ ಕ್ಯಾಮೆರಾ. ಒಳಗೆ ಕಪ್ಪು ಬಳಿದ ಟಿನ್ ಡಬ್ಬ, ಹಾಳೆಯಿಂದ 10 ಸೆಂ.ಮೀ. ದೂರದಲ್ಲಿ ಸುಮಾರು 0.4 ಮಿ.ಮೀ. ತೂತು, ಒಳಗೆ ಬ್ರೋಮೈಡ್ ಪೇಪರ್ (ಬೆಳಕು ಬಿದ್ದರೆ ಚಿತ್ರ ಮೂಡುವ ಫೋಟೊ ಹಾಳೆ). ಒಳ್ಳೆ ಬಿಸಿಲಿನಲ್ಲಿ ಮುಕ್ಕಾಲು ನಿಮಿಷದಿಂದ ಶುರು ಮಾಡಿ ನೋಡಿ. ಪೇಪರ್ ತುಂಬುವುದಕ್ಕೆ, ತೊಳೆಯುವುದಕ್ಕೆ ಡಾರ್ಕ್‌ರೂಮ್ ಬೇಕಾಗುತ್ತೆ. ಅದಕ್ಕೂ ಗಾಬರಿ ಬೇಡ. ಬೆಳಕು ನುಸುಳದ ಒಂದು ಚಿಕ್ಕ ಕೋಣೆ, ಕೆಂಪು ಸೇಫ್‌ಲೈಟ್, ಮೂರು ತಟ್ಟೆ (ಚಿತ್ರ ಮೂಡಿಸುವ ಡೆವಲಪರ್, ಅದನ್ನು ನಿಲ್ಲಿಸುವ ಸ್ಟಾಪ್, ಚಿತ್ರ ಖಾಯಂ ಮಾಡುವ ಹೈಪೊ), ಒಂದು ಎಕ್ಸಾಸ್ಟ್ ಫ್ಯಾನ್. ಒಂದು ಕಡೆ ಒದ್ದೆ ಕೆಲಸ, ಎದುರು ಕಡೆ ಒಣ ಕೆಲಸ, ಎರಡೂ ಬೆರೆಯಬಾರದು. ಎನ್‌ಲಾರ್ಜರ್ (ನೆಗೆಟಿವ್‌ನಿಂದ ದೊಡ್ಡ ಪ್ರಿಂಟ್ ಮಾಡುವ ಯಂತ್ರ) ಹೊಸದು ಹುಡುಕಬೇಡಿ, ಹಳೇ ಸ್ಟುಡಿಯೊಗಳಲ್ಲಿ ಧೂಳು ಹಿಡಿದು ಕೂತಿರುತ್ತೆ. ಫಿಲ್ಮ್ ತೊಳೆಯುವ ಡೆವಲಪರಿಗೆ ಸಾಮಾನ್ಯವಾಗಿ 20 ಡಿಗ್ರಿ ಶಾಖ ಹೇಳಿರುತ್ತಾರೆ. ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ ಟ್ಯಾಂಕಿನ ನೀರು ಅದರ ಹತ್ತಿರವೂ ಬರುವುದಿಲ್ಲ. ಒಂದು ಟಬ್ಬಿನಲ್ಲಿ ಐಸ್ ಹಾಕಿ ಅದರೊಳಗೆ ಬಾಟಲಿ ಇಟ್ಟು ತಣಿಸಿ, ಥರ್ಮಾಮೀಟರ್ ನೋಡಿ ಶುರು ಮಾಡಿ. ಬಳಸಿದ ಹೈಪೊದಲ್ಲಿ ಬೆಳ್ಳಿ ಕರಗಿರುತ್ತೆ, ಅದನ್ನು ಚರಂಡಿಗೆ ಸುರಿಯಬಾರದು. ಒಂದು ಕ್ಯಾನಿನಲ್ಲಿ ಸೇರಿಸಿ ಸ್ಟೀಲ್ ವೂಲ್ (ಕಬ್ಬಿಣದ ಎಳೆಗಳ ನಾರು) ಹಾಕಿಟ್ಟರೆ ಬೆಳ್ಳಿ ಕೆಸರಾಗಿ ತಳಕ್ಕೆ ಕೂರುತ್ತೆ. ಆ ಕೆಸರನ್ನು ಹಾಗೇ ಇಟ್ಟುಕೊಂಡು ಬೆಳ್ಳಿ ತೆಗೆಯುವವರಿಗೆ ಕೊಡಿ.

ಫೋನಿನ ಫೋಟೊ ಪಾಠಕ್ಕೆ ಜಾಸ್ತಿ ಹೇಳುವುದಿಲ್ಲ. ಲೆನ್ಸ್ ಒರೆಸಿ, ಹತ್ತಿರ ಹೋಗಿ, ಜೂಮ್ ಬೇಡ, ಅಷ್ಟೇ. ಅದರ ಬದಲು ಆರಿಸುವುದನ್ನು ಕಲಿಸಿ. ಒಂದೇ ಬೀದಿಯನ್ನು ಒಂದು ತಿಂಗಳು ತೆಗೆದು ಬನ್ನಿ ಅನ್ನಿ, ಕೊನೆಗೆ ಐದು ಮಾತ್ರ ಉಳಿಸಿಕೊಳ್ಳಿ ಅನ್ನಿ. ಎಲ್ಲರೂ ನೆಲದ ಮೇಲೆ ಪ್ರಿಂಟ್ ಹರಡಿಕೊಂಡು ಕೂತಾಗ ‘ಚೆನ್ನಾಗಿದೆ’ ಅನ್ನುವ ಮಾತಿಗೆ ಮುಂಚೆ ‘ಇದರಲ್ಲಿ ಏನೇನು ಕಾಣ್ತಿದೆ’ ಅಂತ ಪ್ರತಿಯೊಬ್ಬರೂ ಹೇಳಲಿ. ನೋಡುವುದನ್ನು ಕಲಿಯುವುದು ಇಲ್ಲೇ. ಎಡಿಟಿಂಗಿಗೆ ಗಿಂಪ್, ಡಾರ್ಕ್‌ಟೇಬಲ್, ಧ್ವನಿಗೆ ಆಡಾಸಿಟಿ, ವಿಡಿಯೊಗೆ ಕೆಡೆನ್‌ಲೈವ್ ಬಳಸಿ. ಎಲ್ಲವೂ ಉಚಿತ, ಮಕ್ಕಳು ಮನೆಯ ಕಂಪ್ಯೂಟರಿನಲ್ಲೂ ಹಾಕಿಕೊಳ್ಳಬಹುದು. ಕದ್ದ ಸಾಫ್ಟ್‌ವೇರ್ ಕೇಂದ್ರದಲ್ಲಿ ಬೇಡವೇ ಬೇಡ.

ಧ್ವನಿಯನ್ನು ಮರೆಯಬೇಡಿ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ನಮ್ಮ ಧ್ವನಿ ಅನ್ನುವ ಸಮುದಾಯ ರೇಡಿಯೊ, ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿ ಸಿಗದ ಕಾಲದಲ್ಲಿ ಕೇಬಲ್ ಎಳೆದು ಮನೆಗಳಿಗೆ ಕಾರ್ಯಕ್ರಮ ತಲುಪಿಸಿತು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೊ ನಡೆಸಲು ಅವಕಾಶ ಕೊಡುವ ನೀತಿ ಬಂದದ್ದು 2006ರಲ್ಲಿ. ನೀವು ರೇಡಿಯೊ ಕಟ್ಟಬೇಕಿಲ್ಲ. ಆದರೆ ಒಂದು ಹಳೇ ಫೋಟೊ, ಅದರ ಮೇಲೆ ಅಜ್ಜನ ಎರಡು ನಿಮಿಷದ ಮಾತು, ಇಷ್ಟನ್ನು ಜೋಡಿಸಿದರೆ ಒಳ್ಳೆಯ ಒಂದು ಚಿಕ್ಕ ಚಿತ್ರವಾಗುತ್ತೆ. ಫ್ಯಾನ್ ಆರಿಸಿ, ಫೋನನ್ನು ಮಾತಾಡುವವರ ಎದೆಯ ಹತ್ತಿರ ಇಡಿ, ನೀವು ನಡುವೆ ‘ಹ್ಞೂಂ ಹ್ಞೂಂ’ ಅನ್ನಬೇಡಿ, ತಲೆ ಆಡಿಸಿ ಸಾಕು.

ಯಾರ ಚಿತ್ರ, ಯಾರ ಹಕ್ಕು

ಇದನ್ನು ಮೊದಲ ದಿನವೇ ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊ ತೆಗೆದವರೇ ಅದರ ಮೊದಲ ಒಡೆಯರು. ಆದರೆ ಯಾರಾದರೂ ಹಣ ಕೊಟ್ಟು ತೆಗೆಸಿಕೊಂಡಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ತೆಗೆಸಿಕೊಂಡವರದ್ದು. ಅಂದರೆ ಸ್ಟುಡಿಯೊದ ಮದುವೆ ಫೋಟೊದ ನೆಗೆಟಿವ್ ಯಜಮಾನರ ಅಟ್ಟದಲ್ಲಿದ್ದರೂ ಹಕ್ಕು ಸಾಮಾನ್ಯವಾಗಿ ಆ ಕುಟುಂಬದ್ದು. ಹಾಗಾಗಿ ಸ್ಟುಡಿಯೊ ಸಂಗ್ರಹವನ್ನು ಉಳಿಸಿ, ಆದರೆ ಕುಟುಂಬದವರನ್ನು ಕೇಳದೆ ಪ್ರಕಟಿಸಬೇಡಿ. ನಿಮ್ಮ ಕೇಂದ್ರದ ಹುಡುಗಿ ತೆಗೆದ ಫೋಟೊ ಆ ಹುಡುಗಿಯದ್ದೇ, ಕೇಂದ್ರದ್ದಲ್ಲ. ಪ್ರದರ್ಶನಕ್ಕೆ ಬಳಸಲು ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ, ಅವಳ ಹೆಸರು ಹಾಕಿ, ಮಾರಾಟವಾದರೆ ಹಣ ಅವಳಿಗೆ ಕೊಡಿ.

ಮಕ್ಕಳ ವಿಷಯದಲ್ಲಿ ಅಪ್ಪ ಅಮ್ಮನ ಸಹಿ ಬೇಕು, ಮಗು ಬೇಡ ಅಂದರೆ ಅಲ್ಲಿಗೇ ಬಿಡಬೇಕು. ಶಾಲೆಯ ಹೆಸರು, ಮನೆ ಗುರುತು ಸಿಗುವ ಹಾಗೆ ಮಕ್ಕಳ ಫೋಟೊವನ್ನು ಇಂಟರ್ನೆಟ್ಟಿಗೆ ಹಾಕಬೇಡಿ. ಬಡತನವನ್ನು ತೋರಿಸಿ ದಾನ ಕೇಳುವ ಚಿತ್ರಗಳನ್ನು ನಾನಂತೂ ಒಪ್ಪುವುದಿಲ್ಲ. ನಾಳೆ ಅದೇ ಮಗು ದೊಡ್ಡದಾಗಿ ಆ ಪೋಸ್ಟರ್ ನೋಡಿದರೆ ಏನನ್ನಿಸಬಹುದು?

ಊರಿಗೇ ತೋರಿಸುವುದು

ಪ್ರದರ್ಶನಕ್ಕೆ ಗ್ಯಾಲರಿ ಹುಡುಕಬೇಡಿ, ಸಂತೆ ದಿನ ಬಸ್ ಸ್ಟ್ಯಾಂಡಿನ ಪಕ್ಕ ಇಡಿ, ಜಾತ್ರೆಯಲ್ಲಿ ಇಡಿ. ಲ್ಯಾಬಿನಲ್ಲಿ 8x12 ಇಂಚಿನ ಪ್ರಿಂಟ್ ಹಾಕಿಸಿ ಸನ್‌ಬೋರ್ಡಿಗೆ ಅಂಟಿಸಿ, ಅಥವಾ ಹಗ್ಗ ಕಟ್ಟಿ ಕ್ಲಿಪ್ಪಿನಿಂದ ತೂಗುಹಾಕಿ. ಫ್ಲೆಕ್ಸ್ ಅಗ್ಗ ನಿಜ, ಆದರೆ ಮುಖಗಳು ಅದರಲ್ಲಿ ಸತ್ತ ಹಾಗೆ ಕಾಣುತ್ತವೆ, ಕೊನೆಗೆ ಅದು ಯಾರದೋ ಕೊಟ್ಟಿಗೆಗೆ ಸೂರಾಗುತ್ತೆ. ದೊಡ್ಡವರಿಗಾದರೆ ಚಿತ್ರದ ಮಧ್ಯಭಾಗ ನೆಲದಿಂದ ಸುಮಾರು 145 ಸೆಂ.ಮೀ. ಎತ್ತರದಲ್ಲಿರಲಿ, ಮಕ್ಕಳೇ ಜಾಸ್ತಿ ಬರುವ ಕಡೆ ಇನ್ನೂ ಕೆಳಗೆ ಇಳಿಸಿ. ವಿವರವನ್ನು ದಪ್ಪ ಅಕ್ಷರದ ಕನ್ನಡದಲ್ಲಿ ಬರೆಯಿರಿ. ಯಾರೆಂದು ಗೊತ್ತಿಲ್ಲದ ಹಳೇ ಫೋಟೊಗಳ ಕೆಳಗೆ ‘ಇವರು ಯಾರು ಗೊತ್ತಾ?’ ಅಂತ ಒಂದು ಖಾಲಿ ಚೀಟಿ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್ ಇಡಿ. ಸಂಜೆ ಹೊತ್ತಿಗೆ ಅರ್ಧ ಚೀಟಿ ತುಂಬಿರುತ್ತೆ.

ನೋಂದಣಿ ಮತ್ತು ದುಡ್ಡು

ಒಂದು ವರ್ಷವಾದರೂ ಹೀಗೆ ನಡೆಸಿದ ಮೇಲೆ ನೋಂದಣಿ ಮಾಡಿಸಿ. ಆಗ ನಿಜವಾಗಿ ಕೆಲಸ ಮಾಡುವವರು ಯಾರು ಅಂತ ಗೊತ್ತಾಗಿರುತ್ತೆ. ಎರಡು ದಾರಿ ಸಾಮಾನ್ಯ. ಟ್ರಸ್ಟ್ ಆದರೆ ಉಪನೋಂದಣಿ ಕಚೇರಿಯಲ್ಲಿ ಡೀಡ್ ನೋಂದಣಿ, ಬೇಗ ಆಗುತ್ತೆ, ಆದರೆ ಅಧಿಕಾರ ಕೆಲವೇ ಟ್ರಸ್ಟಿಗಳ ಕೈಯಲ್ಲಿ ಉಳಿಯುತ್ತೆ. ಸಂಘ ಆದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ಬೇಕು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕಪರಿಶೋಧನೆ, ನೋಂದಣಾಧಿಕಾರಿಗೆ ವರದಿ, ಇದೆಲ್ಲ ಇರುತ್ತೆ. ಕೆಲಸ ಜಾಸ್ತಿ. ಆದರೂ ಊರಿನದ್ದೇ ಕೇಂದ್ರ ಆಗಬೇಕಾದರೆ ನನ್ನ ಮತ ಸಂಘಕ್ಕೆ, ಯಾಕೆಂದರೆ ಅಲ್ಲಿ ಸದಸ್ಯರು ಪ್ರಶ್ನೆ ಕೇಳಬಹುದು, ಪದಾಧಿಕಾರಿಗಳನ್ನು ಬದಲಿಸಬಹುದು. ನಂತರ ಪ್ಯಾನ್ ಕಾರ್ಡ್, ಇಬ್ಬರ ಸಹಿಯ ಬ್ಯಾಂಕ್ ಖಾತೆ, ಸಂಸ್ಥೆಗೂ ದಾನಿಗಳಿಗೂ ಆದಾಯ ತೆರಿಗೆ ರಿಯಾಯಿತಿ ಸಿಗುವ ನೋಂದಣಿ (12ಎ, 80ಜಿ ಅಂತ ಜನ ಕರೆಯುವುದು), ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ದರ್ಪಣ್ ಪೋರ್ಟಲ್. ಒಬ್ಬ ಒಳ್ಳೆ ಲೆಕ್ಕಪರಿಶೋಧಕರನ್ನು ಶುರುವಿನಲ್ಲೇ ಹಿಡಿದುಕೊಳ್ಳಿ.

ದೊಡ್ಡ ಕಂಪನಿಗಳು ತಮ್ಮ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಖರ್ಚು ಮಾಡಬೇಕು, ಅದರ ಪಟ್ಟಿಯಲ್ಲಿ ಕಲೆ, ಸಂಸ್ಕೃತಿ, ಪರಂಪರೆಯ ರಕ್ಷಣೆಯೂ ಇದೆ. ಆದರೆ ಅದಕ್ಕೆ ಸಿಎಸ್‌ಆರ್-1 ನೋಂದಣಿ, ಮೂರು ವರ್ಷದ ಕೆಲಸದ ದಾಖಲೆ ಕೇಳುತ್ತಾರೆ. ಅಲ್ಲಿಯವರೆಗೆ ಸದಸ್ಯತ್ವ ಶುಲ್ಕ, ಪಾಸ್‌ಪೋರ್ಟ್ ಫೋಟೊ, ಹರಿದ ಹಳೇ ಫೋಟೊ ಸರಿಪಡಿಸಿ ಕೊಡುವುದು, ಇವುಗಳಿಂದ ಕರೆಂಟ್ ಬಿಲ್ ಹುಟ್ಟಿಸಿಕೊಳ್ಳಿ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1995ರಿಂದ ಕಲಾ ಯೋಜನೆಗಳಿಗೆ ಅನುದಾನ ಕೊಡುತ್ತಾ ಬಂದಿದೆ. ಅದರ ಕಲಿ ಕಲಿಸು ಕಾರ್ಯಕ್ರಮ ಸರ್ಕಾರಿ ಶಾಲೆಯ ಶಿಕ್ಷಕರ ಜೊತೆ ಕೆಲಸ ಮಾಡಿದೆ. ಊರಿನ ಒಬ್ಬ ಉತ್ಸಾಹಿ ಮೇಷ್ಟ್ರು ನಿಮ್ಮ ಜೊತೆ ಇದ್ದರೆ ಅವರಿಗೆ ಇದನ್ನು ತಿಳಿಸಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೂ ಅರ್ಜಿ ಹಾಕಿ.

ಹೊರದೇಶದಲ್ಲಿರುವ ಊರಿನವರು ಹಣ ಕಳಿಸುತ್ತೇವೆ ಅನ್ನುತ್ತಾರೆ. ಇಲ್ಲಿ ಹುಷಾರು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ತೊಂದರೆ ಇಲ್ಲ. ಅಲ್ಲಿಯ ಪೌರತ್ವ ಪಡೆದವರು, ಓಸಿಐ ಕಾರ್ಡ್ ಇದ್ದವರೂ ಸೇರಿ, ಕಾನೂನಿನ ಕಣ್ಣಿಗೆ ವಿದೇಶಿ ಮೂಲ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾಯ್ದೆ) ಅನುಮತಿ ಇಲ್ಲದೆ ಅವರಿಂದ ಒಂದು ರೂಪಾಯಿಯನ್ನೂ ಸಂಸ್ಥೆಯ ಖಾತೆಗೆ ತಗೊಳ್ಳಬೇಡಿ. ಹಣದ ಬದಲು ಅವರ ಅಜ್ಜಿ ಮನೆಯ ಆಲ್ಬಂ ಸ್ಕ್ಯಾನ್ ಮಾಡಿಸಿ ಕಳಿಸಲು ಹೇಳಿ, ವಿಡಿಯೊ ಕಾಲ್‌ನಲ್ಲಿ ಒಂದು ಎಡಿಟಿಂಗ್ ಪಾಠ ಮಾಡಲು ಕೇಳಿ.

ಪ್ರತಿ ತಿಂಗಳ ಲೆಕ್ಕವನ್ನು ಕೇಂದ್ರದ ಗೋಡೆಗೆ ಅಂಟಿಸಿ, ಬಂದದ್ದು, ಹೋದದ್ದು, ಉಳಿದದ್ದು. ಮತ್ತು ಎರಡನೇ ವರ್ಷದಿಂದಲೇ ನಿಮ್ಮ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಲು ಶುರು ಮಾಡಿ. ಪಿಯುಸಿ ಮುಗಿಸಿದ ಹುಡುಗರು ಬೆಂಗಳೂರಿಗೆ ಹೋಗಿಬಿಡುತ್ತಾರೆ, ಊರಿನಲ್ಲೇ ಉಳಿಯುವ ಟೈಲರಿಂಗ್ ಅಕ್ಕ, ಅಂಗನವಾಡಿ ಕಾರ್ಯಕರ್ತೆ, ಸೈಬರ್ ಅಂಗಡಿಯವರು, ಇವರಿಗೆ ಸ್ಕ್ಯಾನರ್, ರಿಜಿಸ್ಟರ್, ಹಾರ್ಡ್‌ಡಿಸ್ಕ್, ಪಾಸ್‌ವರ್ಡ್ ಎಲ್ಲದರ ಕೆಲಸ ಗೊತ್ತಿರಲಿ. ಪಾಸ್‌ವರ್ಡ್‌ಗಳನ್ನು ಒಂದು ಹಾಳೆಯಲ್ಲಿ ಬರೆದು ಕವರಿಗೆ ಹಾಕಿ ಕಾರ್ಯದರ್ಶಿ ಮನೆಯ ಬೀರುವಿನಲ್ಲಿ ಇಡಿ, ಬದಲಾದಾಗ ಹಾಳೆಯನ್ನೂ ಬದಲಿಸಿ.